ಚಿಹ್ನೆಯೊಂದರ ಜಗಳ ಮತ್ತು ಕಾಲುವೆಯ ಕೊನೆಯ ಹೊಲ

ಕಳೆದ ಸಂಚಿಕೆಯ ಈ ಅಂಕಣದಲ್ಲಿ, ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಗೆ ಒಂದು ಪುಟ್ಟ ಚಿಹ್ನೆ ಸೇರಿದ ಸಂದರ್ಭದಲ್ಲಿ ಆ ಭಾಷೆಯನ್ನು ರೂಪಿಸಿದವರೇ ಅಧಿಕಾರ ಬಿಟ್ಟು ಕೆಳಗಿಳಿದ ಸಂಗತಿಯನ್ನು ಎರಡು ಸಾಲಿನಲ್ಲಿ ಪ್ರಸ್ತಾಪಿಸಿದ್ದೆ. ಅಷ್ಟಕ್ಕೇ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಓದುಗರಿಂದ ನಿರೀಕ್ಷೆಗೆ ಮೀರಿ ಪತ್ರಗಳು ಬಂದಿವೆ. ಆದ್ದರಿಂದ ಈ ಸಲದ ಪುಟಗಳನ್ನು ಪೂರ್ತಿಯಾಗಿ ಈ ಒಂದೇ ವಿಷಯಕ್ಕೆ ಮೀಸಲಿಟ್ಟಿದ್ದೇನೆ. ಕೆಲವರು ಹೆಸರು ಬೇಡವೆಂದಿರುವುದರಿಂದ ಎಲ್ಲರ ಹೆಸರನ್ನೂ ಬಿಟ್ಟು ಊರನ್ನಷ್ಟೇ ಉಳಿಸಿಕೊಂಡಿದ್ದೇನೆ.

ಪ್ರಶ್ನೆ: ನನ್ನ ಮಗ ಬೆಂಗಳೂರಿನ ಕಂಪನಿಯೊಂದಕ್ಕೆ ಮನೆಯಿಂದಲೇ ಕೆಲಸ ಮಾಡುತ್ತಾನೆ. ಹೋದ ತಿಂಗಳು ಒಂದು ವಾರ ಪೂರ್ತಿ ರಾತ್ರಿ ಹನ್ನೊಂದರವರೆಗೂ ಜೊತೆಗಾರರೊಂದಿಗೆ ಫೋನಿನಲ್ಲಿ ಜಗಳವಾಡಿದ. ಏನೆಂದು ಕೇಳಿದರೆ, ಪ್ರೋಗ್ರಾಮಿಂಗ್ ಭಾಷೆಗೆ ಹೊಸದೊಂದು ಚಿಹ್ನೆ ಸೇರಬೇಕೋ ಬೇಡವೋ ಎಂಬ ಚರ್ಚೆಯಂತೆ. ‘ಅಪ್ಪಾ, ಇದು ನಿನಗ ತಿಳಿಯಂಗಿಲ್ಲ ಬಿಡು’ ಎಂದುಬಿಟ್ಟ. ನಾನು ಕಾಲುವೆ ನೀರಿಗಾಗಿ ಜಗಳವಾಡಿ ಬೆಳೆದವನು. ಆ ಜಗಳ ನನಗೆ ಅರ್ಥವಾಗುತ್ತದೆ. ಚುಕ್ಕೆ-ಗೆರೆಗಳಿಗಾಗಿ ಓದಿದವರು ಇಷ್ಟೇಕೆ ಕೂಗಾಡುತ್ತಾರೆ?
— ರೈತರೊಬ್ಬರು, ಸಿಂಧನೂರು

ಉತ್ತರ: ತಮ್ಮ ಮಗ ಆ ಒಂದು ಮಾತಿನಲ್ಲಿ ಎಡವಿದ್ದಾರೆ. ಈ ವಿಷಯ ಎಷ್ಟೋ ಪ್ರೋಗ್ರಾಮರ್‌ಗಳಿಗಿಂತ ತಮಗೇ ಬೇಗ ತಿಳಿಯುವಂಥದ್ದು. ಮೊದಲು ಆ ಚಿಹ್ನೆಯ ಕತೆ ಕೇಳಿ, ಆಮೇಲೆ ಕಾಲುವೆಗೆ ಬರೋಣ.

ಪೈಥಾನ್ ಭಾಷೆಯನ್ನು ಗೀಡೊ ವಾನ್ ರೋಸಮ್ 1991ರಲ್ಲಿ ಹೊರತಂದರು. ಅದರಲ್ಲಿ ಒಂದು ಮೌಲ್ಯಕ್ಕೆ ಹೆಸರು ಕೊಡುವುದು ಒಂದು ಕೆಲಸ, ಆ ಮೌಲ್ಯವನ್ನು ಪರೀಕ್ಷಿಸುವುದು ಇನ್ನೊಂದು ಕೆಲಸ. ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಯಬೇಕಿತ್ತು. ತೂಕದ ಯಂತ್ರದಿಂದ ಬಂದ ಅಂಕಿಯನ್ನು ‘ತೂಕ’ ಎಂದು ಕರೆಯುವುದು ಒಂದು ಸಾಲು, ‘ತೂಕ ನಿಗದಿಗಿಂತ ಹೆಚ್ಚಿದೆಯೇ’ ಎಂದು ನೋಡುವುದು ಮರುಸಾಲು. ಹೀಗೆ ಬೇರ್ಪಡಿಸಿದ್ದು ಮರೆವಿನಿಂದಲ್ಲ, ಬೇಕೆಂದೇ. ಅದಕ್ಕಿಂತ ಹಳೆಯದಾದ ಸಿ ಭಾಷೆಯಲ್ಲಿ ಹೆಸರು ಕೊಡಲು ಒಂದು ಸಮಚಿಹ್ನೆ, ಹೋಲಿಸಿ ನೋಡಲು ಎರಡು ಸಮಚಿಹ್ನೆ. ಅಲ್ಲಿ ಎರಡರ ಜಾಗದಲ್ಲಿ ಒಂದನ್ನು ಒತ್ತಿದರೂ ಕಂಪೈಲರ್, ಅಂದರೆ ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ತಂತ್ರಾಂಶ, ಒಪ್ಪಿಕೊಳ್ಳುತ್ತಿದ್ದುದರಿಂದ, ಪರೀಕ್ಷಿಸಬೇಕಾದ ಜಾಗದಲ್ಲಿ ಮೌಲ್ಯವೇ ಬದಲಾಗಿಹೋಗುವ ತಪ್ಪು ತಲೆಮಾರುಗಳ ಕಾಲ ಜನರನ್ನು ಕಾಡಿತ್ತು. 2018ರಲ್ಲಿ, ಒಂದೇ ಸಾಲಿನೊಳಗೆ ಹೆಸರನ್ನೂ ಕೊಟ್ಟು ಪರೀಕ್ಷೆಯನ್ನೂ ಮಾಡಲು ಕೋಲನ್‌ನ ಪಕ್ಕ ಸಮಚಿಹ್ನೆ ಇರುವ := ಎಂಬ ಗುರುತನ್ನು ಸೇರಿಸೋಣವೆಂಬ ಪ್ರಸ್ತಾವ ಬಂತು. ಅಡ್ಡಲಾಗಿ ನೋಡಿದರೆ ಎರಡು ಕಣ್ಣು, ಎರಡು ಕೋರೆಹಲ್ಲು ಕಾಣುತ್ತವೆಂದು ಅದಕ್ಕೆ ವಾಲ್ರಸ್ ಎಂಬ ಅಡ್ಡಹೆಸರು. ಬೇಕೆಂದವರು ಒಂದೇ ಲೆಕ್ಕವನ್ನು ಎರಡು ಸಲ ಬರೆಯುವ ಕಷ್ಟ ತಪ್ಪುತ್ತದೆಂದರು. ಬೇಡವೆಂದವರು, ಪೈಥಾನ್‌ನ ಹೆಸರೇ ಸುಲಭವಾಗಿ ಓದಿಸಿಕೊಳ್ಳುವುದರ ಮೇಲೆ ನಿಂತಿರುವಾಗ ಬರೆಯುವವನ ಒಂದು ಸಾಲು ಉಳಿಸಲು ಓದುವವನ ಕಣ್ಣನ್ನೇಕೆ ದಣಿಸಬೇಕೆಂದರು. ತಿಂಗಳುಗಟ್ಟಲೆ ವಾದ ನಡೆದು, ಗೀಡೊ ಅದನ್ನು ಅಂಗೀಕರಿಸಿ, ಇಷ್ಟೊಂದು ಹೋರಾಡಿ ಇಷ್ಟೊಂದು ಜನರ ತಿರಸ್ಕಾರಕ್ಕೆ ಗುರಿಯಾಗುವುದು ಇನ್ನು ತಮಗೆ ಬೇಡವೆಂಬ ಅರ್ಥದ ಪತ್ರ ಬರೆದು, ಅದೇ ವರ್ಷದ ಜುಲೈ 12ರಂದು ಅಂತಿಮ ತೀರ್ಮಾನದ ಅಧಿಕಾರವನ್ನು ಬಿಟ್ಟುಕೊಟ್ಟರು. ಚಿಹ್ನೆ 2019ರ ಅಕ್ಟೋಬರ್‌ನಲ್ಲಿ ಪೈಥಾನ್ 3.8ರೊಂದಿಗೆ ಬಂತು.

ಈಗ ಕಾಲುವೆ. ತುಂಗಭದ್ರಾ ಎಡದಂಡೆ ನಾಲೆಯ ಮೇಲ್ಭಾಗದಲ್ಲಿ ಒಬ್ಬ ರೈತ ತನ್ನ ಹೊಲಕ್ಕೊಂದು ಹೊಸ ತೂಬು ಕೇಳುತ್ತಾನೆಂದು ಇಟ್ಟುಕೊಳ್ಳಿ. ಅವನ ಬೇಡಿಕೆ ಸುಳ್ಳಲ್ಲ. ಆ ತೂಬಿನಿಂದ ಅವನಿಗೆ ನಿಜವಾಗಿಯೂ ಅನುಕೂಲವಿದೆ, ಆ ಅನುಕೂಲವನ್ನು ಹೊಲದ ಬದುವಿನ ಮೇಲೆ ನಿಂತು ಬೆರಳು ಮಾಡಿ ತೋರಿಸಬಹುದು. ಅದರ ಬೆಲೆ ತೆರುವವನು ಮಾತ್ರ ಆ ಬದುವಿನ ಮೇಲಿಲ್ಲ. ಅವನು ಮಾನ್ವಿಯ ಕಡೆಯೋ ಸಿರವಾರದ ಕಡೆಯೋ, ಕೊನೆ ಭಾಗದಲ್ಲಿ, ನಾಲೆಯ ನೀರಿನ ಮಟ್ಟ ತೋರಿಸುವ ಗೇಜ್ ಎಷ್ಟಿದೆಯೆಂದು ಕೇಳಿಕೊಂಡು ಕಾಯುತ್ತಿದ್ದಾನೆ. ಒಂದು ತೂಬಿನಿಂದ ಅವನ ನೀರು ನಿಂತಿತೆಂದು ಯಾರೂ ಸಾಬೀತು ಮಾಡಲಾರರು. ಐವತ್ತು ತೂಬುಗಳಾದ ಮೇಲೆ ನೀರು ಬರಲಿಲ್ಲವೆಂಬುದನ್ನು ಯಾರೂ ಅಲ್ಲಗಳೆಯಲಾರರು. ಒಮ್ಮೆ ಇಟ್ಟ ತೂಬನ್ನು ಕೀಳಿಸುವುದು ಎಷ್ಟು ಕಷ್ಟವೆಂಬುದನ್ನು ನಾನು ತಮಗೆ ಹೇಳಬೇಕಾಗಿಲ್ಲ.

ಭಾಷೆಯ ಸೌಲಭ್ಯವೂ ಹೀಗೆಯೇ. ಅದನ್ನು ಕೇಳುವವನು ಕಣ್ಣೆದುರಿಗಿರುತ್ತಾನೆ. ಅದರ ಭಾರ ಹೊರುವವರು ಬೇರೆ: ಕಂಪೈಲರ್ ಬರೆಯುವವರು, ಪಾಠ ಹೇಳುವವರು, ಮೊದಲ ವರ್ಷದ ವಿದ್ಯಾರ್ಥಿ, ಐದು ವರ್ಷದ ಹಿಂದೆ ಕೆಲಸ ಬಿಟ್ಟುಹೋದವನ ಕೋಡನ್ನು ರಾತ್ರಿ ಎರಡು ಗಂಟೆಗೆ ತಿದ್ದಲು ಕುಳಿತವನು. ‘ಬೇಡವಾದರೆ ಬಳಸಬೇಡಿ’ ಎಂಬ ಮಾತು ಇಂಥ ವಾದಗಳಲ್ಲಿ ತಪ್ಪದೆ ಕೇಳಿಬರುತ್ತದೆ. ಅದು ಬರೆಯುವವನಿಗೆ ಅನ್ವಯಿಸುವ ಮಾತು. ಓದುವವನಿಗೆ ಆ ಆಯ್ಕೆಯೇ ಇಲ್ಲ, ಏಕೆಂದರೆ ಬೇರೆಯವರು ಬಳಸಿದ್ದನ್ನು ಅವನು ಓದಲೇಬೇಕು. ಚರ್ಚೆ ಕಾವೇರುವುದು ಇಲ್ಲಿ. ಒಂದು ಪಕ್ಷ ಇಂದಿನ ಕಷ್ಟದ ಬಗ್ಗೆ ಮಾತನಾಡುತ್ತಿರುತ್ತದೆ, ಇನ್ನೊಂದು ಪಕ್ಷ ಇನ್ನೂ ಬಾರದವರ ಪರವಾಗಿ ಮಾತನಾಡುತ್ತಿರುತ್ತದೆ, ಮತ್ತು ಇಬ್ಬರಿಗೂ ತಾವು ಆಡುತ್ತಿರುವುದು ನ್ಯಾಯದ ಮಾತೆಂದು ಗೊತ್ತಿರುತ್ತದೆ.

ಹಾಗೆಂದು ಎಲ್ಲ ಕೂಗಾಟಕ್ಕೂ ಇಷ್ಟು ಘನತೆ ಕೊಡಬೇಕಾಗಿಲ್ಲ. ಹ್ಯಾಸ್ಕೆಲ್ ಭಾಷೆಯನ್ನು ರೂಪಿಸಿದವರಲ್ಲೊಬ್ಬರಾದ ಫಿಲಿಪ್ ವಾಡ್ಲರ್ ಅವರ ಹೆಸರಿನಲ್ಲಿ ಅರ್ಧ ತಮಾಷೆಯ ನಿಯಮವೊಂದು ಓಡಾಡುತ್ತದೆ. ಭಾಷೆಯೊಂದರ ಅರ್ಥದ ಬಗ್ಗೆ ನಡೆಯುವ ಚರ್ಚೆಗಿಂತ ಅದರ ವಾಕ್ಯರಚನೆಯ ಬಗ್ಗೆ, ಅದಕ್ಕಿಂತ ಅಕ್ಷರ-ಚಿಹ್ನೆಗಳ ಬಗ್ಗೆ, ಎಲ್ಲಕ್ಕಿಂತ ಹೆಚ್ಚಾಗಿ ಯಂತ್ರ ಓದದೆ ಬಿಡುವ ಟಿಪ್ಪಣಿಗಳನ್ನು ಹೇಗೆ ಗುರುತಿಸಬೇಕೆಂಬುದರ ಬಗ್ಗೆ ಕಾವು ಏರುತ್ತಾ ಹೋಗುತ್ತದೆಂದು ಅದರ ತಾತ್ಪರ್ಯ. 1957ರಲ್ಲಿ ಪಾರ್ಕಿನ್‌ಸನ್ ಎಂಬ ಲೇಖಕರು ಬಣ್ಣಿಸಿದ ಸಮಿತಿಯೂ ಇದೇ ಜಾತಿಯದು: ಅಣುಸ್ಥಾವರದ ವೆಚ್ಚವನ್ನು ಎರಡೂವರೆ ನಿಮಿಷದಲ್ಲಿ ಒಪ್ಪಿದ ಸದಸ್ಯರು, ಗುಮಾಸ್ತರ ಸೈಕಲ್ ನಿಲ್ಲಿಸುವ ಚಪ್ಪರಕ್ಕೆ ಮುಕ್ಕಾಲು ಗಂಟೆ ವಾದಿಸುತ್ತಾರೆ. ಚಪ್ಪರ ಎಲ್ಲರಿಗೂ ಅರ್ಥವಾಗುತ್ತದೆ, ಸ್ಥಾವರ ಅರ್ಥವಾಗುವುದಿಲ್ಲ. ಕನ್ನಡದಲ್ಲೂ ಇದನ್ನು ಕಂಡಿದ್ದೇವೆ. ಕನ್ನಡದ ವ್ಯಾಕರಣವನ್ನು ಸಂಸ್ಕೃತದ ಅಚ್ಚಿನಲ್ಲಿ ಎರಕ ಹೊಯ್ಯಬಾರದೆಂದು ಡಿ.ಎನ್. ಶಂಕರ ಭಟ್ಟರು ವಿಸ್ತಾರವಾಗಿ ವಾದಿಸಿದರು. ನಾನು ಕುಳಿತು ಕೇಳಿದ ಸಭೆಗಳಲ್ಲಿ ಆ ವಾದವನ್ನು ಮುಟ್ಟಿದವರು ಕಡಿಮೆ, ಮಹಾಪ್ರಾಣಾಕ್ಷರಗಳನ್ನು ಬಿಡಬಹುದೆಂಬ ಅವರ ಸಲಹೆಗೆ ಎದ್ದು ನಿಂತವರೇ ಎಲ್ಲರೂ. ನಿಮ್ಮ ನೀರು ಬಳಕೆದಾರರ ಸಂಘದಲ್ಲಿ ಕಾಲುವೆ ದುರಸ್ತಿಯ ಅಂದಾಜುಪಟ್ಟಿಗಿಂತ ನಾಮಫಲಕದ ಮೇಲೆ ಯಾರ ಹೆಸರು ಮೊದಲೆಂಬುದಕ್ಕೆ ಹೆಚ್ಚು ಹೊತ್ತು ಹಿಡಿದಿದ್ದರೆ, ಮಗನಿಗೆ ಆ ಕತೆ ಹೇಳಿ ನೋಡಿ.

ಪ್ರಶ್ನೆ: ಇದು ಈಗಿನ ಹುಡುಗರ ಚಾಳಿಯೇ ಅಥವಾ ಹಿಂದಿನ ದೊಡ್ಡವರೂ ಹೀಗೆ ಕಾದಾಡುತ್ತಿದ್ದರೇ?
— ನಿವೃತ್ತ ಗಣಿತ ಶಿಕ್ಷಕರು, ರಾಯಚೂರು

ಉತ್ತರ: ಹಿಂದಿನವರದೇ ಒಂದು ಕೈ ಮೇಲು. 1958ರಲ್ಲಿ ಜ್ಯೂರಿಕ್ ನಗರದಲ್ಲಿ ನಾಲ್ವರು ಅಮೆರಿಕನ್ನರು, ನಾಲ್ವರು ಯುರೋಪಿಯನ್ನರು ಸೇರಿ ಆಲ್ಗಾಲ್ ಭಾಷೆಯ ಮೊದಲ ರೂಪವನ್ನು ಸಿದ್ಧಪಡಿಸುವಾಗ, ದಶಮಾಂಶಕ್ಕೆ ಚುಕ್ಕೆ ಇಡಬೇಕೋ ಅಲ್ಪವಿರಾಮ ಇಡಬೇಕೋ ಎಂಬಲ್ಲಿ ಮಾತು ಸಿಕ್ಕಿಹಾಕಿಕೊಂಡಿತು. ಯುರೋಪಿನ ಬಹುಭಾಗದಲ್ಲಿ ದಶಮಾಂಶಕ್ಕೆ ಅಲ್ಪವಿರಾಮ ಬರೆಯುವುದೇ ರೂಢಿ ಎಂಬುದು ತಮಗೆ ಗೊತ್ತಿರುವ ವಿಷಯ. ಕೊನೆಗೆ ಅವರು ಕಂಡುಕೊಂಡ ದಾರಿ ಜಾಣತನದ್ದು: ಭಾಷೆಗೆ ಒಂದು ಆಧಾರರೂಪ, ಮುದ್ರಣಕ್ಕೆ ಒಂದು ರೂಪ, ಯಂತ್ರಕ್ಕೆ ಒಂದು ರೂಪ ಎಂದು ಮೂರು ಹಂತ ಮಾಡಿ, ಚುಕ್ಕೆಯ ಪ್ರಶ್ನೆಯನ್ನು ಆಯಾ ಊರಿನವರಿಗೇ ಬಿಟ್ಟರು.

ಹತ್ತು ವರ್ಷದ ನಂತರ ಅದೇ ವಂಶದ ಆಲ್ಗಾಲ್ 68 ಬಂದಾಗ ಇಂಥ ಉಪಾಯ ಫಲಿಸಲಿಲ್ಲ. ಭಾಷೆ ತೀರಾ ದೊಡ್ಡದಾಗಿದೆ, ಅದನ್ನು ವಿವರಿಸುವ ಬರಹವೇ ಓದಲಾರದಷ್ಟು ಜಟಿಲವಾಗಿದೆಯೆಂದು ಡೈಕ್‌ಸ್ಟ್ರ, ಟೋನಿ ಹೋರ್ ಮೊದಲಾದ ಭಾಷಾ ಸಮಿತಿಯ ಸದಸ್ಯರು 1968ರ ಡಿಸೆಂಬರ್‌ನಲ್ಲಿ ಭಿನ್ನಮತದ ವರದಿಗೆ ಸಹಿ ಹಾಕಿದರು. ತಮ್ಮ ಸರಳವಾದ ಕರಡನ್ನು ಸಮಿತಿ ಒಪ್ಪದಿದ್ದಾಗ ನಿಕ್ಲಾಸ್ ವಿರ್ತ್ ಬೇರೆ ದಾರಿ ಹಿಡಿದು ಪ್ಯಾಸ್ಕಲ್ ಭಾಷೆಯನ್ನು ರೂಪಿಸಿದರು. ನಮ್ಮ ಕಾಲೇಜುಗಳಲ್ಲಿ ಒಂದು ತಲೆಮಾರಿನವರು ಕಲಿತದ್ದು ಪ್ಯಾಸ್ಕಲ್. ಪೈಥಾನ್‌ನಲ್ಲಿ ರಂಪವೆಬ್ಬಿಸಿದ := ಗುರುತು ಆಲ್ಗಾಲ್‌ನಲ್ಲಿಯೂ ಪ್ಯಾಸ್ಕಲ್‌ನಲ್ಲಿಯೂ ಹೆಸರು ಕೊಡುವ ಸಾಮಾನ್ಯ ಚಿಹ್ನೆಯಾಗಿ ಸದ್ದಿಲ್ಲದೆ ಇತ್ತು.

ಪ್ರಶ್ನೆ: ನಾನು ಇಂಜಿನಿಯರಿಂಗ್ ಕಾಲೇಜಿನಲ್ಲಿ ಸಿ, ಜಾವಾ, ಪೈಥಾನ್ ಪಾಠ ಮಾಡುತ್ತೇನೆ. ಪ್ರತಿ ಎರಡು ವರ್ಷಕ್ಕೊಮ್ಮೆ ನನ್ನ ಟಿಪ್ಪಣಿಗಳು ಹಳತಾಗುತ್ತವೆ. ಭಾಷೆ ಸಣ್ಣದಾಗಿದ್ದಷ್ಟೂ ಒಳ್ಳೆಯದಲ್ಲವೇ? ಈ ಸೇರ್ಪಡೆಗಳಿಗೆ ಒಂದು ಪೂರ್ಣವಿರಾಮ ಏಕಿಲ್ಲ?
— ಉಪನ್ಯಾಸಕಿ, ಬಳ್ಳಾರಿ

ಉತ್ತರ: ತಮ್ಮ ಪಕ್ಷಕ್ಕೆ ಬಲವಾದ ಸಾಕ್ಷಿಗಳಿವೆ. ಮೊದಲು ಅವುಗಳನ್ನೇ ಮುಂದಿಡುತ್ತೇನೆ. ಆಮೇಲೆ ತಮ್ಮೊಂದಿಗೆ ಸ್ವಲ್ಪ ಭಿನ್ನಮತ.

ತಮ್ಮೂರಿನ ಜೀನ್ಸ್ ಹೊಲಿಯುವವರನ್ನು ಕೇಳಿ ನೋಡಿ. ಪ್ಯಾಂಟಿಗೆ ಇನ್ನೊಂದು ಜೇಬು ಸೇರಿಸುವುದೆಂದರೆ ಒಂದು ತುಂಡು ಬಟ್ಟೆಯ ಖರ್ಚಷ್ಟೇ ಅಲ್ಲ. ಕತ್ತರಿಸುವವರ ಅಚ್ಚು ಬದಲಾಗುತ್ತದೆ, ಹೊಲಿಗೆಯ ಸಾಲು ಬದಲಾಗುತ್ತದೆ, ಆ ಜೇಬು ಜಿಪ್ಪಿನ ಪಕ್ಕ ಬಂದರೆ ಹೇಗೆ, ಮಡಿಕೆಯ ಮೇಲೆ ಬಂದರೆ ಹೇಗೆ, ವಾಷಿಂಗ್‌ಗೆ ಹೋದಾಗ ಅದರ ಅಂಚು ಏನಾಗುತ್ತದೆ ಎಂದೆಲ್ಲ ನೋಡಬೇಕಾಗುತ್ತದೆ. ಭಾಷೆಯಲ್ಲಿ 10 ಸೌಲಭ್ಯಗಳಿದ್ದರೆ ಎರಡೆರಡಾಗಿ ಜೋಡಿಸಿ ನೋಡಬೇಕಾದ ಸಂದರ್ಭಗಳು 45. 20 ಇದ್ದರೆ 190. ಸೌಲಭ್ಯ ಎರಡು ಪಟ್ಟಾದಾಗ ಜಂಜಾಟ ನಾಲ್ಕು ಪಟ್ಟಿಗೂ ಮೀರಿತು. ಸಿ ಶಾರ್ಪ್ ಭಾಷೆಯ ತಂಡದಲ್ಲಿ, ಯಾವುದೇ ಹೊಸ ಸಲಹೆ ಸೊನ್ನೆಯಿಂದಲ್ಲ, ಮೈನಸ್ 100 ಅಂಕದಿಂದ ಶುರುವಾಗುತ್ತದೆಂಬ ಮಾತು ಚಾಲ್ತಿಯಲ್ಲಿದ್ದುದು ಈ ಕಾರಣಕ್ಕೇ. ‘ಸ್ವಲ್ಪ ಅನುಕೂಲ’ ಎಂಬುದು ಸಾಲದು. ಮೊದಲು ಆ 100ರ ಹಳ್ಳವನ್ನು ತುಂಬಬೇಕು. ಸಿ ಪ್ಲಸ್ ಪ್ಲಸ್ ಭಾಷೆಯ ಕರ್ತೃ ಬ್ಯಾರ್ನ್ ಸ್ಟ್ರೌಸ್ಟ್ರಪ್ ಅವರು 2018ರಲ್ಲಿ ತಮ್ಮದೇ ಮಾನಕ ಸಮಿತಿಗೆ ಬರೆದ ಟಿಪ್ಪಣಿಯಲ್ಲಿ ವಾಸಾ ಹಡಗನ್ನು ನೆನಪಿಸಿದರು. ಅದು ಸ್ವೀಡನ್ನಿನ ಯುದ್ಧನೌಕೆ. ತೋಪುಗಳ ಭಾರ ಮೇಲೆ ಹೆಚ್ಚಾಗಿ, 1628ರಲ್ಲಿ ಮೊದಲ ಯಾನದಲ್ಲೇ ಬಂದರಿನ ಹತ್ತಿರ ಮುಳುಗಿತು. ತಾನೇ ಹಡಗು ಕಟ್ಟಿದವನು ಹೀಗೆ ಎಚ್ಚರಿಸಬೇಕಾಗಿ ಬಂದದ್ದು ಗಮನಿಸತಕ್ಕದ್ದು.

ಇನ್ನು ಸುಲಭವೆಂಬ ಒಂದೇ ಕಾರಣಕ್ಕೆ ಸೇರಿಸಿದ್ದರ ಕತೆ. ಮೇಲೆ ಹೇಳಿದ ಟೋನಿ ಹೋರ್ ಅವರೇ 1965ರಲ್ಲಿ ಆಲ್ಗಾಲ್ ಡಬ್ಲ್ಯೂ ಭಾಷೆಗೆ ‘ನಲ್’ ಉಲ್ಲೇಖವನ್ನು, ಅಂದರೆ ‘ಇಲ್ಲಿ ಏನೂ ಇಲ್ಲ’ ಎಂದು ಸೂಚಿಸುವ ಮೌಲ್ಯವನ್ನು ಸೇರಿಸಿದರು. ಅದನ್ನು ಅಳವಡಿಸುವುದು ಬಹಳ ಸುಲಭವಾಗಿದ್ದರಿಂದ ಆಸೆ ತಡೆಯಲಾಗಲಿಲ್ಲವೆಂದು 2009ರಲ್ಲಿ ಒಪ್ಪಿಕೊಂಡ ಅವರು, ಅದನ್ನು ತಮ್ಮ ನೂರು ಕೋಟಿ ಡಾಲರಿನ ತಪ್ಪೆಂದು ಕರೆದರು. ತಮ್ಮ ಜಾವಾ ಪ್ರಯೋಗಾಲಯದಲ್ಲಿ ವಿದ್ಯಾರ್ಥಿಗಳು ‘ನಲ್ ಪಾಯಿಂಟರ್’ ದೋಷದ ಮುಂದೆ ಕಂಗೆಟ್ಟು ಕುಳಿತಾಗಲೆಲ್ಲ ಅದರ ಬಡ್ಡಿ ಕಟ್ಟುತ್ತಿರುತ್ತಾರೆ.

ಈಗ ಭಿನ್ನಮತ. ‘ಬೇಡ’ ಎನ್ನುವುದಕ್ಕೂ ಬೆಲೆಯಿದೆ, ಮತ್ತು ತಡಮಾಡಿ ‘ಹೂಂ’ ಎನ್ನುವುದಕ್ಕೆ ಇನ್ನೂ ಹೆಚ್ಚು. ಜಾವಾ 1995ರಲ್ಲಿ ಬಂದಾಗ ಜೆನೆರಿಕ್ಸ್ ಇರಲಿಲ್ಲ. ಪೂರ್ಣಾಂಕಗಳ ಪಟ್ಟಿ, ಹೆಸರುಗಳ ಪಟ್ಟಿ ಎಂದು ಬೇರೆ ಬೇರೆಯಾಗಿ ಹೇಳುವ ಅನುಕೂಲವಿಲ್ಲದೆ ಎಲ್ಲವನ್ನೂ ಒಂದೇ ಮೂಟೆಗೆ ಹಾಕಿ, ಹೊರತೆಗೆಯುವಾಗ ‘ಇದು ಹೆಸರೇ’ ಎಂದು ಆಣೆ ಮಾಡಬೇಕಿತ್ತು. 2004ರಲ್ಲಿ ಐದನೆಯ ಆವೃತ್ತಿಯೊಂದಿಗೆ ಜೆನೆರಿಕ್ಸ್ ಬರುವ ಹೊತ್ತಿಗೆ ಹಳೆಯ ಕೋಡ್ ರಾಶಿ ಬಿದ್ದಿತ್ತು. ಅದು ಕೆಡಬಾರದೆಂದು, ಕಂಪೈಲರ್ ಪರೀಕ್ಷಿಸಿದ ನಂತರ ಆ ವಿವರವನ್ನು ಅಳಿಸಿಬಿಡುವ ಏರ್ಪಾಡನ್ನು ಒಪ್ಪಿಕೊಂಡರು. ಪ್ರೋಗ್ರಾಂ ಓಡುವಾಗ ಪಟ್ಟಿಗೆ ತಾನು ಯಾವುದರ ಪಟ್ಟಿಯೆಂಬ ನೆನಪು ಇಂದಿಗೂ ಇರುವುದಿಲ್ಲ. ಹಳೆಯ ಗೋಡೆಗೆ ಹೊಸ ಕೋಣೆ ಕಟ್ಟಿದಾಗ ಉಳಿಯುವ ಸಂದಿನಂತೆ ಅದು ಉಳಿದುಕೊಂಡಿದೆ.

ಗೋ ಭಾಷೆಯವರು ಇನ್ನೂ ಹಟವಾದಿಗಳು. 2009ರ ನವೆಂಬರ್‌ನಲ್ಲಿ ಬಹಿರಂಗವಾದ ಆ ಭಾಷೆಗೆ ಜೆನೆರಿಕ್ಸ್ ಬಂದದ್ದು 2022ರ ಮಾರ್ಚ್‌ನಲ್ಲಿ, 1.18ನೆಯ ಆವೃತ್ತಿಯಲ್ಲಿ. ಹನ್ನೆರಡು ವರ್ಷ ಜನ ಒಂದೇ ಫಂಕ್ಷನ್ನನ್ನು, ಅಂದರೆ ಹೆಸರಿಟ್ಟು ಬೇಕಾದಾಗ ಕರೆಯುವ ಲೆಕ್ಕದ ತುಂಡನ್ನು, ಪೂರ್ಣಾಂಕಕ್ಕೊಮ್ಮೆ, ದಶಮಾಂಶಕ್ಕೊಮ್ಮೆ ನಕಲು ಮಾಡಿ ಬರೆದರು, ಗೊಣಗಿದರು, ಕೆಲವರು ಬೇರೆ ಭಾಷೆಗೆ ಹೋದರು. ಆ ತಂಡ ಸೌಲಭ್ಯವೇ ಬೇಡವೆಂದಿರಲಿಲ್ಲ. ನಿಧಾನವಾಗುವ ಪ್ರೋಗ್ರಾಮರ್, ನಿಧಾನವಾಗುವ ಕಂಪೈಲರ್, ನಿಧಾನವಾಗಿ ಓಡುವ ಪ್ರೋಗ್ರಾಂ, ಈ ಮೂರರಲ್ಲಿ ಯಾವ ನಷ್ಟವನ್ನು ಆರಿಸಿಕೊಳ್ಳಬೇಕೆಂಬುದು ಬಗೆಹರಿದಿಲ್ಲವೆಂದು ಅವರು ಮೊದಲಿನಿಂದ ಹೇಳುತ್ತಿದ್ದರು. ಕೊನೆಗೆ ಅದರ ಸಿದ್ಧಾಂತದ ತಳಹದಿಗೆ ನೆರವಾದವರಲ್ಲಿ, ಚಿಹ್ನೆಗಳ ಜಗಳವನ್ನು ಹಾಸ್ಯ ಮಾಡಿದ ವಾಡ್ಲರ್ ಅವರೂ ಒಬ್ಬರು. ಕಾದದ್ದು ಸರಿಯೇ ತಪ್ಪೇ? ನನ್ನ ಅಭಿಪ್ರಾಯದಲ್ಲಿ ಐದಾರು ವರ್ಷ ಕಾದದ್ದು ವಿವೇಕ, ಉಳಿದದ್ದು ಜನರ ಸಹನೆಯ ಮೇಲೆ ಹೇರಿದ ತೆರಿಗೆ. ಇದನ್ನು ಒಪ್ಪದ ಗೋ ಪ್ರೋಗ್ರಾಮರ್‌ಗಳು ಪತ್ರ ಬರೆಯಬಹುದು.

ತಾವು ತರಗತಿಯಲ್ಲಿ ಮಾಡಬಹುದಾದ ಒಂದು ಕೆಲಸವಿದೆ. ವಾಲ್ರಸ್ ಚಿಹ್ನೆಯ ಪ್ರಸ್ತಾವಪತ್ರಕ್ಕೆ ಪೈಥಾನ್‌ನ ಕಡತದಲ್ಲಿ 572ನೆಯ ಸಂಖ್ಯೆ. ಅದರಲ್ಲಿ ತಿರಸ್ಕರಿಸಿದ ಪರ್ಯಾಯಗಳಿಗೆ ಕಾರಣಸಹಿತ ಜಾಗ ಕೊಟ್ಟಿದ್ದಾರೆ. ವಿದ್ಯಾರ್ಥಿಗಳಿಗೆ ಚಿಹ್ನೆಯನ್ನು ಕಲಿಸುವ ಮೊದಲು ಆ ಭಾಗವನ್ನು ಓದಿಸಿ, ‘ನೀವಾಗಿದ್ದರೆ ಯಾವುದನ್ನು ಆರಿಸುತ್ತಿದ್ದಿರಿ’ ಎಂದು ಕೇಳಿ. ಟಿಪ್ಪಣಿ ಹಳತಾದರೂ ಆ ತರಗತಿ ಹಳತಾಗುವುದಿಲ್ಲ.

ಪ್ರಶ್ನೆ: ತಪ್ಪೆಂದು ತಿಳಿದ ಮೇಲೆ ತೆಗೆದುಹಾಕಿದರಾಯಿತಲ್ಲ? ಹಳಗನ್ನಡದ ೞ, ಱ ಅಕ್ಷರಗಳು ಹೋಗಲಿಲ್ಲವೇ? ಕನ್ನಡಕ್ಕೇನೂ ಆಗಲಿಲ್ಲ.
— ಡಿಪ್ಲೊಮಾ ವಿದ್ಯಾರ್ಥಿ, ಕೊಪ್ಪಳ

ಉತ್ತರ: ತಿರುಳ್ಗನ್ನಡದ ನಾಡೆಂದು ಹೆಸರಾದ ಕೊಪಣದಿಂದಲೇ ಈ ಪ್ರಶ್ನೆ ಬಂದದ್ದು ಸಂತೋಷ. ಆ ಅಕ್ಷರಗಳು ಹೋದದ್ದು ಯಾರ ಆಜ್ಞೆಯಿಂದಲೂ ಅಲ್ಲ. ಬಾಯಿಯಿಂದ ಮೊದಲು ಜಾರಿ, ಬರಹದಿಂದ ಶತಮಾನಗಳಲ್ಲಿ ಮರೆಯಾದವು. ಇಂದು ನೀವು ಹಳೆಯ ಶಾಸನದ ಮುಂದೆ ನಿಂತರೆ ಅರ್ಧ ಓದಿ, ಉಳಿದರ್ಧವನ್ನು ಊಹಿಸಿ, ತಲೆದೂಗಿ ಬರಬಹುದು. ಯಂತ್ರಕ್ಕೆ ಊಹೆಯಿಲ್ಲ. ಗೊತ್ತಿಲ್ಲದ ಒಂದು ಗುರುತು ಎದುರಾದರೆ ಅಲ್ಲಿಗೇ ನಿಲ್ಲುತ್ತದೆ, ಅದರೊಂದಿಗೆ ಬ್ಯಾಂಕಿನ ಲೆಕ್ಕವೂ ನಿಲ್ಲುತ್ತದೆ.

ಪೈಥಾನ್‌ನವರು ಒಮ್ಮೆ ಹಾಗೆ ತೆಗೆಯುವ ಧೈರ್ಯ ಮಾಡಿದರು. 2008ರ ಡಿಸೆಂಬರ್‌ನಲ್ಲಿ ಬಂದ ಮೂರನೆಯ ಆವೃತ್ತಿಯಲ್ಲಿ ‘ಪ್ರಿಂಟ್’ ಪದಕ್ಕೆ ಆವರಣ ಕಡ್ಡಾಯವಾಯಿತು, ಅಕ್ಷರಗಳನ್ನು ಕೂಡಿಡುವ ಬಗೆಯೇ ಬದಲಾಯಿತು. ಕನ್ನಡದಂಥ ಲಿಪಿಗಳನ್ನು ಬಳಸುವವರಿಗೆ ಈ ಎರಡನೆಯ ಬದಲಾವಣೆ ನಿಜವಾದ ಉಪಕಾರ. ಆದರೂ ಹಳೆಯ ಎರಡನೆಯ ಆವೃತ್ತಿಗೆ ಅಧಿಕೃತವಾಗಿ ತೆರೆ ಎಳೆಯಲಾದದ್ದು 2020ರ ಜನವರಿ 1ರಂದು. ಹನ್ನೊಂದು ವರ್ಷ ಒಂದೇ ಮನೆಯಲ್ಲಿ ಎರಡು ಒಲೆ ಉರಿದವು.

ಜಾವಾಸ್ಕ್ರಿಪ್ಟ್‌ಗೆ ಆ ಸ್ವಾತಂತ್ರ್ಯವೂ ಇಲ್ಲ, ಏಕೆಂದರೆ ಎಂದೋ ಕಟ್ಟಿ ಬಿಟ್ಟುಹೋದ ಜಾಲತಾಣವೂ ಇಂದಿನ ಬ್ರೌಸರಿನಲ್ಲಿ ತೆರೆದುಕೊಳ್ಳಬೇಕು. 2018ರಲ್ಲಿ ಅದಕ್ಕೆ ‘ಫ್ಲಾಟನ್’ ಎಂಬ ಹೊಸ ಫಂಕ್ಷನ್ ಸೇರಿಸಲು ಹೊರಟಾಗ, ಮೂಟೂಲ್ಸ್ ಎಂಬ ಹಳೆಯ ಲೈಬ್ರರಿ, ಅಂದರೆ ಜಾಲತಾಣ ಕಟ್ಟುವವರು ಎತ್ತಿ ಬಳಸುವ ಸಿದ್ಧ ಕೋಡಿನ ಕಟ್ಟು, ಅದೇ ಹೆಸರನ್ನು ಮೊದಲೇ ಬಳಸಿರುವುದು ಕಂಡುಬಂತು. ಹೊಸದನ್ನು ಸೇರಿಸಿದರೆ ಹಳೆಯ ತಾಣಗಳು ಕೆಡುತ್ತವೆ. ‘ಸ್ಮೂಶ್’ ಎಂದು ಹೆಸರಿಡೋಣವೆಂದು ಒಬ್ಬರು ತಮಾಷೆ ಮಾಡಿದ್ದಕ್ಕೆ ಅರ್ಧ ಲೋಕ ಸಿಟ್ಟಾಯಿತು. ಕಡೆಗೆ ‘ಫ್ಲಾಟ್’ ಎಂದು ಇಟ್ಟರು. ಗಮನಿಸಿ, ಇಲ್ಲಿ ತೆಗೆಯುವ ಮಾತೇ ಇರಲಿಲ್ಲ, ಸೇರಿಸುವುದಕ್ಕೇ ಹಳೆಯವರ ಅನುಮತಿ ಬೇಕಾಯಿತು.

ಪ್ರಶ್ನೆ: ಅಕ್ಕಿ ಗಿರಣಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಡುವ ಆರು ಜನರ ತಂಡ ನಮ್ಮದು. ಹಮಾಲಿ, ತೇವಾಂಶದ ಕಡಿತ, ಕಮಿಷನ್ ಸೂತ್ರಗಳನ್ನು ಗಿರಣಿಯ ಗುಮಾಸ್ತರೇ ಬರೆದುಕೊಳ್ಳಲೆಂದು ಒಂದು ಪುಟ್ಟ ಭಾಷೆಯನ್ನೂ ಮಾಡಿದ್ದೇವೆ. ಈಗ ಅದಕ್ಕೆ, ಒಂದೇ ಲೆಕ್ಕವನ್ನು ಷರತ್ತು ಇರುವವರೆಗೆ ಮತ್ತೆ ಮತ್ತೆ ಮಾಡಿಸುವ ಲೂಪ್ ಸೇರಿಸಬೇಕೆಂದು ಮೂವರು, ಬೇಡವೆಂದು ಮೂವರು. ಇಬ್ಬರು ಮಾತು ಬಿಟ್ಟಿದ್ದಾರೆ. ಅಂಥ ದೊಡ್ಡ ಭಾಷೆಗಳವರು ಹೇಗೆ ತೀರ್ಮಾನಿಸುತ್ತಾರೆ? ನಾವೇನು ಮಾಡಬೇಕು?
— ಪ್ರೋಗ್ರಾಮರ್, ಗಂಗಾವತಿ

ಉತ್ತರ: ಮೊದಲು ನನ್ನದೇ ತಪ್ಪೊಂದನ್ನು ಹೇಳಿಕೊಳ್ಳುತ್ತೇನೆ. ಬಹಳ ವರ್ಷಗಳ ಹಿಂದೆ ಬಳ್ಳಾರಿಯಲ್ಲಿ ಅದಿರು ಲಾರಿಗಳ ಟ್ರಿಪ್ ಲೆಕ್ಕ ಇಡುವ ಸಣ್ಣ ಕಚೇರಿಯೊಂದಕ್ಕೆ ನಾನೂ ಇಂಥದೊಂದು ಸೂತ್ರಭಾಷೆ ಮಾಡಿಕೊಟ್ಟಿದ್ದೆ. ಪ್ರತಿ ಸಲ ‘ಟನ್’ ಎಂದು ಬರೆಯುವುದು ಬೇಸರವೆಂದು, ಅಳತೆ ಬರೆಯದಿದ್ದರೆ ಟನ್ ಎಂದೇ ತಿಳಿಯತಕ್ಕದ್ದೆಂಬ ಅನುಕೂಲವನ್ನು ಸೇರಿಸಿದೆ. ಎಲ್ಲರೂ ಮೆಚ್ಚಿದರು. ಎರಡು ವರ್ಷದ ನಂತರ ಬಂದ ಹೊಸ ಗುಮಾಸ್ತರು ತೂಕದ ಚೀಟಿಯಲ್ಲಿದ್ದ ಕಿಲೋ ಅಂಕಿಯನ್ನು ಹಾಗೆಯೇ ಬರೆದರು. ಬಾಡಿಗೆಯ ಮೊತ್ತ ನೋಡಿದ ಮಾಲೀಕರು ನಗಲಿಲ್ಲ. ಆ ಅನುಕೂಲ ಬೇಕೆಂದು ಹಟ ಹಿಡಿದವನು ನಾನೊಬ್ಬನೇ; ಅದಕ್ಕೆ ಉತ್ತರ ಹೇಳಬೇಕಾದವರು ಆ ಗುಮಾಸ್ತರು.

ಈಗ ನಿಮ್ಮ ಲೂಪ್. ಲೂಪ್ ಇಲ್ಲದ ಸೂತ್ರಭಾಷೆಗೆ ಒಂದು ದೊಡ್ಡ ಗುಣವಿದೆ, ನಿಮ್ಮಲ್ಲಿ ಬೇಡವೆನ್ನುವವರು ಅದನ್ನು ಸರಿಯಾಗಿ ಹೆಸರಿಸಿದ್ದಾರೋ ಇಲ್ಲವೋ: ಅದರಲ್ಲಿ ಬರೆದ ಪ್ರತಿ ಸೂತ್ರವೂ ಮುಗಿದೇ ಮುಗಿಯುತ್ತದೆ. ಲೂಪ್ ಬಂದ ದಿನ ಆ ಭರವಸೆ ಹೋಗುತ್ತದೆ. ಸುಗ್ಗಿಯ ದಿನ ಗಿರಣಿಯ ಮುಂದೆ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತಿರುವಾಗ, ಗುಮಾಸ್ತರೊಬ್ಬರು ಷರತ್ತನ್ನು ತಪ್ಪಾಗಿ ಬರೆದ ಕಾರಣ ಬಿಲ್ಲು ಬರದೆ ಪರದೆ ಸುಮ್ಮನೆ ತಿರುಗುತ್ತಿದ್ದರೆ ಫೋನ್ ಬರುವುದು ನಿಮಗೆ. ಎಕ್ಸೆಲ್‌ನಂಥ ದೈತ್ಯವೂ ಬಳಕೆದಾರರು ಸೂತ್ರದಲ್ಲೇ ಸ್ವಂತ ಫಂಕ್ಷನ್ ಕಟ್ಟಿಕೊಳ್ಳುವ ಲ್ಯಾಂಬ್ಡಾವನ್ನು 2020ರ ಡಿಸೆಂಬರ್‌ವರೆಗೆ ಘೋಷಿಸಿರಲಿಲ್ಲ; ಅಷ್ಟು ವರ್ಷ ಜಗತ್ತಿನ ಲೆಕ್ಕವೇನೂ ನಿಂತಿರಲಿಲ್ಲ.

ಆದರೆ ಬೇಕೆನ್ನುವ ಮೂವರೂ ಸುಮ್ಮನೆ ಕೇಳುತ್ತಿರಲಾರರು. ಕಳೆದ ಹಂಗಾಮಿನಲ್ಲಿ ಗಿರಣಿಗಳು ಬರೆದ ಸೂತ್ರಗಳನ್ನೆಲ್ಲ ತೆಗೆದು ಮೇಜಿನ ಮೇಲೆ ಹರಡಿ, ಲೂಪ್ ಇದ್ದಿದ್ದರೆ ಎಲ್ಲೆಲ್ಲಿ ಬಳಕೆಯಾಗುತ್ತಿತ್ತೆಂದು ಗುರುತು ಮಾಡಿ. ನನ್ನ ಊಹೆಯಂತೆ ಬಹುಪಾಲು ಜಾಗಗಳಲ್ಲಿ ಬೇಕಿರುವುದು ಲೂಪ್ ಅಲ್ಲ. ಎಲ್ಲ ಚೀಲಗಳ ಒಟ್ಟು, ಅತಿ ಹೆಚ್ಚಿನ ತೇವಾಂಶ, ಇಷ್ಟಕ್ಕಿಂತ ಕಡಿಮೆ ತೂಕದ ಚೀಲಗಳೆಷ್ಟು ಎಂಬ ಮೂರು ನಾಲ್ಕು ಲೆಕ್ಕಗಳು. ಹಾಗಿದ್ದರೆ ಆ ಮೂರು ನಾಲ್ಕು ಪದಗಳನ್ನೇ ಭಾಷೆಗೆ ಕೊಡಿ. ಅವು ಮುಗಿಯುವ ಲೆಕ್ಕಗಳು, ಗುಮಾಸ್ತರಿಗೂ ಓದಿದೊಡನೆ ತಿಳಿಯುತ್ತವೆ. ಸೌಲಭ್ಯ ಕೇಳುವವನ ಕಷ್ಟವನ್ನು ನಂಬಬೇಕು, ಅವನು ಸೂಚಿಸುವ ಮದ್ದನ್ನು ಹಾಗೆಯೇ ನಂಬಬೇಕಾಗಿಲ್ಲ.

ಮತ ಹಾಕಿಸಬೇಡಿ. ಮೂರು-ಮೂರಾಗಿ ನಿಂತಿರುವಾಗ ಅದರಿಂದ ಫಲವಿಲ್ಲವೆಂಬುದು ಹಾಗಿರಲಿ, ದೊಡ್ಡವರೂ ಅದರಲ್ಲಿ ಸೋತಿದ್ದಾರೆ. ಷರತ್ತನ್ನು ಒಂದೇ ಸಾಲಿನಲ್ಲಿ ಬರೆಯುವ ರೂಪ ಹೇಗಿರಬೇಕೆಂದು ಪೈಥಾನ್ ಬಳಗ 2003ರಲ್ಲಿ ಮತ ಹಾಕಿತು. ಹಲವು ರೂಪಗಳ ನಡುವೆ ಮತಗಳು ಹಂಚಿಹೋಗಿ ಯಾವುದೂ ಸ್ಪಷ್ಟವಾಗಿ ಗೆಲ್ಲಲಿಲ್ಲ. ಕೊನೆಗೆ ಗೀಡೊ ತಾವೇ ಒಂದನ್ನು ಆರಿಸಿ, ಅದು 2006ರಲ್ಲಿ 2.5ನೆಯ ಆವೃತ್ತಿಯಲ್ಲಿ ಬಂತು. ಅವರು ಕೆಳಗಿಳಿದ ನಂತರ ಪೈಥಾನ್‌ನವರು ಐದು ಜನರ ಚುನಾಯಿತ ಮಂಡಳಿ ಮಾಡಿಕೊಂಡರು. ಅಲ್ಲಿಯೂ ಬಳಗ ಮತ ಹಾಕುವುದು ಮಂಡಳಿಯ ಸದಸ್ಯರಿಗೆ. ಒಂದೊಂದು ಸೌಲಭ್ಯದ ತೀರ್ಮಾನ ಮಂಡಳಿಯದು. ನಿಮ್ಮಲ್ಲಿಯೂ ಒಬ್ಬರು ತೀರ್ಮಾನಿಸಲಿ. ಆ ಒಬ್ಬರು ಗಿರಣಿಗಳಿಂದ ಬರುವ ಫೋನ್ ಎತ್ತುವವರಾಗಿದ್ದರೆ ಉತ್ತಮ.

ತೀರ್ಮಾನಕ್ಕೆ ಮುಂಚೆ ಎರಡು ಪುಟ ಬರೆಸಿ. ಬೇಡವೆನ್ನುವವರಿಂದ ಲೂಪ್‌ನ ಅತ್ಯುತ್ತಮ ಉಪಯೋಗಗಳನ್ನು, ಬೇಕೆನ್ನುವವರಿಂದ ಅದರ ಅತಿ ದೊಡ್ಡ ಅಪಾಯಗಳನ್ನು. ಮಾತು ಬಿಟ್ಟಿರುವ ಇಬ್ಬರಿಗೂ ತಲಾ ಒಂದು ಪುಟ ಕೊಡಿ. ಎದುರಾಳಿಯ ವಾದವನ್ನು ಅವನಿಗಿಂತ ಚೆನ್ನಾಗಿ ಬರೆಯಲು ಕುಳಿತವನಿಗೆ, ಏನೋ ಕೇಳಿಕೊಳ್ಳಲೆಂದಾದರೂ ಅವನ ಮೇಜಿನ ಬಳಿ ಹೋಗಬೇಕಾಗುತ್ತದೆ.

ಸೇರಿಸುವುದೆಂದೇ ಆದರೆ, ಹಿಂತೆಗೆದುಕೊಳ್ಳಬಹುದಾದ ಬಗೆಯಲ್ಲಿ ಸೇರಿಸಿ. ಜಾವಾದಲ್ಲಿ ಈಗ ಹೊಸ ಸೌಲಭ್ಯಗಳನ್ನು ಮೊದಲು ‘ಪ್ರಿವ್ಯೂ’ ಎಂದು ಬಿಡುತ್ತಾರೆ. ಬೇಕಾದವರು ಸ್ವಿಚ್ ಹಾಕಿ ಬಳಸಬೇಕು, ಶಾಶ್ವತವೆಂಬ ಮಾತು ಕೊಟ್ಟಿರುವುದಿಲ್ಲ. ಪಠ್ಯದ ನಡುವೆ ಮೌಲ್ಯಗಳನ್ನು ತುಂಬುವ ‘ಸ್ಟ್ರಿಂಗ್ ಟೆಂಪ್ಲೇಟ್’ ಹೀಗೆ 21 ಮತ್ತು 22ನೆಯ ಆವೃತ್ತಿಗಳಲ್ಲಿ ಬಂದು, ವಿನ್ಯಾಸ ತೃಪ್ತಿಕರವಲ್ಲವೆಂದು 2024ರಲ್ಲಿ 23ನೆಯ ಆವೃತ್ತಿಯಿಂದ ಹೊರಬಿತ್ತು. ಗೋ ತಂಡವೂ 2019ರಲ್ಲಿ ದೋಷ ನಿರ್ವಹಣೆಗೆ ‘ಟ್ರೈ’ ಎಂಬ ಹೊಸ ರೂಪವನ್ನು ತಾನೇ ಮುಂದಿಟ್ಟು, ನೂರಾರು ಪ್ರತಿಕ್ರಿಯೆಗಳನ್ನು ಓದಿ, ಭಾಷೆಗೆ ಸೇರುವ ಮೊದಲೇ ಜುಲೈನಲ್ಲಿ ಹಿಂದಕ್ಕೆ ಪಡೆಯಿತು. 2025ರ ಜೂನ್‌ನಲ್ಲಿ, ಒಮ್ಮತದ ಸುಳಿವೇ ಇಲ್ಲದ್ದರಿಂದ ದೋಷ ನಿರ್ವಹಣೆಗೆ ಹೊಸ ವಾಕ್ಯರೂಪದ ಹುಡುಕಾಟವನ್ನು ಸದ್ಯಕ್ಕೆ ನಿಲ್ಲಿಸಿರುವುದಾಗಿ ಪ್ರಕಟಿಸಿತು. ಜನ ಬೈದರು, ಅದಕ್ಕಿಂತ ಹೆಚ್ಚು ಜನ ನಿಟ್ಟುಸಿರು ಬಿಟ್ಟಿರಬೇಕೆಂದು ನನಗನ್ನಿಸುತ್ತದೆ.

ನಿಮ್ಮ ಭಾಷೆಯನ್ನು ಎಷ್ಟು ಗಿರಣಿಗಳು ಬಳಸುತ್ತಿವೆಯೆಂದು ನೀವು ಬರೆದಿಲ್ಲ. ನಾಲ್ಕೈದೇ ಆಗಿದ್ದರೆ ಗುಮಾಸ್ತರ ಪಕ್ಕ ಅರ್ಧ ದಿನ ಕುಳಿತು ನೋಡಿಬಂದ ಮೇಲೆ ಸಭೆ ಸೇರಿ.

ಪ್ರಶ್ನೆ: ವಾಲ್ರಸ್ ಜಗಳದ ನಂತರ ಗೀಡೊ ಪೈಥಾನನ್ನೇ ತೊರೆದರೇ?
— ಓದುಗರು, ಸಿರುಗುಪ್ಪ

ಉತ್ತರ: ಇಲ್ಲ. 2019ರಲ್ಲಿ ಐವರ ಮೊದಲ ಮಂಡಳಿಗೆ ಅವರೂ ಆರಿಸಿ ಬಂದರು. ಆ ನಂತರ ನಿವೃತ್ತಿ ಬೇಸರವೆನಿಸಿ 2020ರ ನವೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಸೇರಿ, ಪೈಥಾನ್ ಇನ್ನಷ್ಟು ವೇಗವಾಗಿ ಓಡುವಂತೆ ಮಾಡುವ ಕೆಲಸದಲ್ಲಿ ತೊಡಗಿದರು.